ದ್ರೌಪದಿಯ ಹೆಸರೇ ಇಲ್ಲದ ಕರಪತ್ರ

ನಮ್ಮೂರಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದ ರಾತ್ರಿ ದ್ರೌಪದಿ ಪಾತ್ರಧಾರಿಗೆ ಮೇಕಪ್ ಮಾಡಿಕೊಳ್ಳಲು ಕೊಟ್ಟಿದ್ದು ನಮ್ಮ ಮನೆಯ ಕೊಬ್ಬರಿ ಕೋಣೆಯನ್ನು. ಮೇಲೆ ಅಟ್ಟದ ತುಂಬ ಕಾಯಿ, ಕೆಳಗೆ ಒಂದು ಚಾಪೆ, ಒಂದು ಕನ್ನಡಿ. ಕಾಫಿ ಕೊಡಲು ಹೋದವಳು ಅರ್ಧ ಗಂಟೆ ಅಲ್ಲೇ ಕೂತುಬಿಟ್ಟೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಈ ನಾಟಕಗಳ ಬಗ್ಗೆ ಹೇಳಬೇಕಿಲ್ಲ. ಊರಿನ ಗಂಡಸರು ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ. ಕೃಷ್ಣ, ದುರ್ಯೋಧನನಿಗೆ ರೇಟು ಜಾಸ್ತಿ. ಕೊಬ್ಬರಿಗೆ ಒಳ್ಳೆ ಬೆಲೆ ಬಂದ ವರ್ಷ ಪಾತ್ರಗಳು ಬೇಗ ಖಾಲಿ! ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿಸುತ್ತಾರೆ. ಸ್ತ್ರೀ ಪಾತ್ರದ ಕಲಾವಿದೆಯರು ಮಾತ್ರ ನಾಟಕದ ದಿನ ಸಂಜೆ ಬಸ್ಸಿಳಿದು ಬರುತ್ತಾರೆ. ಅವರಿಗೆ ತಾಲೀಮು ಇಲ್ಲ. ದ್ರೌಪದಿ, ಕುಂತಿ, ರುಕ್ಮಿಣಿ, ಉತ್ತರೆ, ಯಾವುದು ಕೇಳಿದರೂ ಮಾತು, ಹಾಡು ಎಲ್ಲ ಬಾಯಿಪಾಠ.

ಅವತ್ತು ನಮ್ಮ ಭೀಮ ನಡುವೆ ಮಾತು ಮರೆತು ನಿಂತ. ಆಕೆ ತನ್ನ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡಿ ಕೇಳಿದರು, ಅವನಿಗೆ ನೆನಪಾಯಿತು. ಶ್ರುತಿ ಬಿಟ್ಟು ಹೋದ ದುರ್ಯೋಧನನನ್ನೂ ಹಾಡಿನಲ್ಲೇ ಹಿಡಿದು ತಂದರು. ರಾತ್ರಿ ಎರಡು ಗಂಟೆಗೆ ಮುಂದಿನ ಸಾಲಿನವರು ಸಿನಿಮಾ ಹಾಡಿಗೆ ಕುಣಿಯಬೇಕೆಂದು ಗಲಾಟೆ ಎಬ್ಬಿಸಿದಾಗ ಅದನ್ನೂ ಕುಣಿದರು. ಬೆಳಗಿನ ಜಾವ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು ಮೊದಲ ಬಸ್ಸಿಗೆ ಹೊರಟರು. ಮಾರನೆಯ ರಾತ್ರಿ ಇನ್ನೊಂದು ಊರಂತೆ.

ಸ್ಟೇಜ್ ಮೇಲೆ ನಟಿಸಿದವರಲ್ಲಿ ಅದನ್ನೇ ಕಸುಬು ಮಾಡಿಕೊಂಡಿದ್ದವರು ಈ ಕಲಾವಿದೆಯರು ಮಾತ್ರ. ಆದರೆ ನಮ್ಮ ಕರಪತ್ರ ನೋಡಿ: ಗಂಡಸರಿಗೆಲ್ಲ ಫೋಟೊ, ಹೆಸರು, ಅದರ ಪಕ್ಕ ಗ್ರಾಮ ಪಂಚಾಯ್ತಿ ಸದಸ್ಯರು, ಕೊಬ್ಬರಿ ವ್ಯಾಪಾರಿಗಳು ಎಂಬ ವಿವರ. ಕೊನೆಗೆ ಒಂದು ಸಾಲು, ‘ಸ್ತ್ರೀ ಪಾತ್ರಗಳು: ತುಮಕೂರಿನ ಕಲಾವಿದೆಯರಿಂದ’.

ಇದಾಗಿ ವಾರವೂ ಆಗಿರಲಿಲ್ಲ, ಪಿಯುಸಿ ಓದುತ್ತಿರುವ ನನ್ನ ತಂಗಿ ಡಿಗ್ರಿ ಮುಗಿಸಿ ನಾಟಕ ಕಲಿಯಲು ಹೋಗ್ತೀನಿ ಅಂದಳು. ಹಾಡು, ಡ್ಯಾನ್ಸು ಎರಡರಲ್ಲೂ ಅವಳು ನಿಜಕ್ಕೂ ಚೆನ್ನಾಗಿದ್ದಾಳೆ. ಅಜ್ಜಿ ತಟ್ಟನೆ, ‘ಏನೇ, ನಾಟ್ಕದೋಳಾಗ್ತೀಯಾ?’ ಅಂದರು. ಬೆಳಗಿನವರೆಗೂ ಕೂತು ದ್ರೌಪದಿಗೆ ಕಣ್ಣೀರು ಹಾಕಿದ್ದು ಇದೇ ಅಜ್ಜಿ. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ.

ನಾನು ಕಾಲೇಜಿಗೆ ಹೋಗುವ ತುಮಕೂರು ರೈಲು ಗುಬ್ಬಿಯಲ್ಲಿ ನಿಲ್ಲುತ್ತದೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಊರು ಅದು. ಗಂಡಸರೇ ಸೀರೆಯುಟ್ಟು ಬರುತ್ತಿದ್ದ ರಂಗಕ್ಕೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಹೆಣ್ಣುಮಕ್ಕಳು ಬಂದರು. ಬಿ. ಜಯಮ್ಮ ಹಾಡಿ, ನಟಿಸಿ ಹೆಸರಾದರು, ಸಿನಿಮಾದಲ್ಲೂ ಮಿಂಚಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಚಿಕ್ಕಂದಿನಲ್ಲೇ ಕಂಪನಿಯ ರಂಗ ಹತ್ತಿ, ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ 1973ರಲ್ಲಿ ಹೊರಬಂದರು. ‘ಸ್ಪಂದನ’ ತಂಡದಲ್ಲಿ ‘ಕರಿಮಾಯಿ’, ‘ಲಕ್ಷಾಪತಿ ರಾಜನ ಕಥೆ’ಯಂಥ ನಾಟಕಗಳನ್ನು ಕಟ್ಟಿದರು. ನಟನೆ, ಹಾಡು, ನಿರ್ದೇಶನದ ಜೊತೆಗೆ ಸಿನಿಮಾದಲ್ಲಿ ಬೇರೆ ನಟಿಯರಿಗೆ ದನಿಯನ್ನೂ ಕೊಟ್ಟರು. ‘ಕಾರ್ ಕಾರ್’ ಹಾಡು ಕೇಳದವರು ನಮ್ಮಲ್ಲಿ ಯಾರಿದ್ದಾರೆ? 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು, 2013ರಲ್ಲಿ ಪದ್ಮಶ್ರೀ ಬಂತು. ಇನ್ನೊಬ್ಬರು ಆರ್. ನಾಗರತ್ನಮ್ಮ. 1958ರಲ್ಲಿ ಹೆಂಗಸರದ್ದೇ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ, ರಾವಣರಾಗಿ ಅಬ್ಬರಿಸಿದವರು.

ಎಲ್ಲರೂ ಜಯಶ್ರೀ ಆಗಲು ಸಾಧ್ಯವಿಲ್ಲ, ಅದು ನನಗೂ ಗೊತ್ತು. ನಮ್ಮ ಮನೆಗೆ ಬಂದಿದ್ದ ಕಲಾವಿದೆಗೆ ಮಳೆಗಾಲದಲ್ಲಿ ಕೆಲಸವಿಲ್ಲ, ಪಿಎಫ್ ಇಲ್ಲ. ಕೊರೊನಾ ಕಾಲದಲ್ಲಿ ನಾಟಕಗಳೆಲ್ಲ ನಿಂತಾಗ ಬಟ್ಟೆ ಹೊಲಿದು ಸಂಸಾರ ತೂಗಿಸಿದರಂತೆ. ಮಗಳು ಈ ಕಷ್ಟಕ್ಕೆ ಬೀಳುವುದು ಬೇಡ ಎಂದು ಯಾರಾದರೂ ಹೇಳಿದರೆ ಒಪ್ಪಬಹುದು. ಆದರೆ ಅಜ್ಜಿ ಹೇಳಿದ್ದು ಅದಲ್ಲ. ಸಂಪಾದನೆಯ ಭಯ ಬೇರೆ, ಮರ್ಯಾದೆಯ ಭಯ ಬೇರೆ. ಸಂಪಾದನೆಯ ಭಯ ಬಿಇ ಓದುವ ನನಗೂ ಇದೆ, ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಜನ ಇನ್ನೂ ರೆಸ್ಯೂಮೆ ಕಳಿಸುತ್ತಲೇ ಇದ್ದಾರೆ. ಹಾಗಂತ ಅವರನ್ನು ಯಾರೂ ‘ಇಂಜಿನಿಯರಿಂಗ್‌ನೋಳು’ ಎಂದು ಬೈಯುವುದಿಲ್ಲ. ಮರ್ಯಾದೆಯ ಭಯವನ್ನು ಹುಟ್ಟಿಸಿದವರು ನಾವು, ಚಪ್ಪಾಳೆ ಹೊಡೆಯುವವರೇ.

ಪ್ಲೇಸ್‌ಮೆಂಟ್ ತರಗತಿಯಲ್ಲಿ ನಮಗೆ ನೂರು ಜನರೆದುರು ಎರಡು ನಿಮಿಷ ಮಾತಾಡುವುದನ್ನು ಸ್ಕಿಲ್ ಎಂದು ಕಲಿಸುತ್ತಾರೆ. ಸಾವಿರ ಜನರೆದುರು ರಾತ್ರಿಯಿಡೀ, ಗುರುತಿಲ್ಲದ ಗಂಡಸರ ಜೊತೆ, ತಾಲೀಮಿಲ್ಲದೆ ಹಾಡಿ ಕುಣಿಯುವುದಕ್ಕೆ ಏನನ್ನಬೇಕು? ನೀನಾಸಂನಂಥ ಕಡೆ ರಂಗಶಿಕ್ಷಣವೂ ಇದೆ. ಮೊದಲು ತಂಗಿ ಡಿಗ್ರಿ ಮುಗಿಸಲಿ ಎಂಬುದು ಅಪ್ಪನ ಮಾತು. ಅದರಲ್ಲಿ ತಪ್ಪೇನಿಲ್ಲ, ಅವಳೂ ಅದನ್ನೇ ಹೇಳಿದ್ದು. ಅವತ್ತು ನಕ್ಕಿದ್ದಕ್ಕೆ ನಾನು ಅವಳ ಕ್ಷಮೆ ಕೇಳಿದ್ದೇನೆ. ಅಜ್ಜಿ ಇನ್ನೂ ಜಗ್ಗಿಲ್ಲ.

ಈ ಸಲದ ನಾಟಕದ ಕರಪತ್ರ ಮಾಡಿಕೊಡುವ ಕೆಲಸ, ಲ್ಯಾಪ್‌ಟಾಪ್ ಇದೆ ಎಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿದೆ. ದುರ್ಯೋಧನನ ಫೋಟೊ ಎಷ್ಟು ದೊಡ್ಡದೋ ದ್ರೌಪದಿಯದ್ದೂ ಅಷ್ಟೇ ಇರುತ್ತದೆ ಎಂದು ಹೇಳಿದ್ದೇನೆ. ದುರ್ಯೋಧನನ ಪಾತ್ರ ಹಿಡಿದಿರುವ ದೊಡ್ಡಪ್ಪ, ‘ದುಡ್ಡು ಕೊಟ್ಟೋನು ನಾನು ಕಣಮ್ಮ’ ಅಂತ ಮುನಿಸಿಕೊಂಡಿದ್ದಾರೆ. ಮೇಷ್ಟ್ರ ಹತ್ತಿರ ಆಕೆಯ ನಂಬರ್ ಇಸ್ಕೊಂಡಿದ್ದೇನೆ, ಫೋಟೊ ಕೇಳಲು ಇವತ್ತು ಸಂಜೆ ಫೋನ್ ಮಾಡಬೇಕು.