ಒಂದೇ ನೆಲದ ಕಾವಲಿಗೆ ಎರಡು ಸಮವಸ್ತ್ರ ಏಕೆ?



ಸೇನೆಯಲ್ಲಿ ನನ್ನ ಬಹುಪಾಲು ಸೇವೆ ಕಳೆದದ್ದು ಬಟ್ಟೆ, ಬೂಟುಗಳ ಸ್ಟೋರ್‌ನಲ್ಲಿ. ಆ ಅನುಭವದಿಂದಲೇ ಈ ಪತ್ರ.

ನಮ್ಮ ಬೆಳಗಾವಿಯನ್ನೇ ನೋಡಿ. ಊರಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಊರಾಚೆ ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಎರಡೂ ಕಡೆ ಅದೇ ಮಣ್ಣು, ಅದೇ ಹುಲ್ಲು, ಅದೇ ಮಳೆ. ಕಾಂಬ್ಯಾಟ್ ಡ್ರೆಸ್ಸಿನ ಚಿತ್ತಾರ ಮಾತ್ರ ಬೇರೆ. ಭೂಸೇನೆ ತನ್ನ ಹೊಸ ಡಿಜಿಟಲ್ ವಿನ್ಯಾಸವನ್ನು 2022ರ ಜನವರಿ 15ರಂದು, ಸೇನಾ ದಿನಾಚರಣೆಯಲ್ಲಿ ತೋರಿಸಿತು. ಅದೇ ವರ್ಷ ಅಕ್ಟೋಬರ್ 8ರಂದು ವಾಯುಪಡೆ ತನ್ನದೇ ಇನ್ನೊಂದನ್ನು ತಂದಿತು.

ಭೂಸೇನೆ ಹಳೆಯದನ್ನು ಬಿಟ್ಟದ್ದು ತಪ್ಪಲ್ಲ. ಆ ಚಿತ್ತಾರದ ಬಟ್ಟೆ ಪೇಟೆಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿತ್ತು. ಹೊಸ ಬಟ್ಟೆ ಹಗುರ, ಬೇಗ ಒಣಗುತ್ತದೆ. ನೌಕಾಪಡೆಯ ಮಾತೂ ಬೇರೆ, ಹಡಗಿನೊಳಗೆ ಬೆಂಕಿ ತಾಳುವ ಬಟ್ಟೆಯೇ ಬೇಕು. ಆದರೆ ನೆಲದ ಮೇಲೆ ನಿಂತು ರನ್‌ವೇ ಕಾಯುವ ವಾಯುಪಡೆಯ ಯೋಧನಿಗೆ ಪಕ್ಕದ ಭೂಸೇನೆಯವನ ಬಟ್ಟೆ ಯಾಕೆ ಆಗುವುದಿಲ್ಲ?

ಸಮವಸ್ತ್ರದ ಖರ್ಚು ಮೀಟರಿಗೆ ಇಷ್ಟು ಎಂಬಲ್ಲಿಗೆ ಮುಗಿಯುವುದಿಲ್ಲ. ಒಂದೊಂದು ಅಳತೆಗೂ ದಾಸ್ತಾನು ಇಡಬೇಕು. ಒಮ್ಮೆ ನಮ್ಮ ಸ್ಟೋರ್‌ನಲ್ಲಿ ಸಣ್ಣ ಅಳತೆಯ ಪ್ಯಾಂಟುಗಳು ಸೂರು ಮುಟ್ಟುವಷ್ಟು ಬಿದ್ದಿದ್ದವು, ಎತ್ತರದ ಹುಡುಗರಿಗೆ ಒಂದೂ ಇರಲಿಲ್ಲ. ಆರಡಿ ದಾಟಿದ ಒಬ್ಬ ಸಿಪಾಯಿ ಕಣಕಾಲಿನ ಮೇಲೆ ನಾಲ್ಕು ಬೆರಳು ನಿಲ್ಲುವ ಪ್ಯಾಂಟಿನಲ್ಲೇ ಕೆಲವು ದಿನ ಓಡಾಡಿದ. ದರ್ಜಿಯಿಂದ ಅಂಚು ಬಿಚ್ಚಿಸಿದರೂ ಸಾಲಲಿಲ್ಲ, ಆ ದುಡ್ಡೂ ಅವನ ಜೇಬಿನಿಂದಲೇ ಹೋಯಿತು. ಕೊನೆಗೆ ಪಕ್ಕದ ಘಟಕದಿಂದ ಕೇಳಿ ತರಿಸಿದೆವು. ಇಬ್ಬರದೂ ಒಂದೇ ಚಿತ್ತಾರ ಆದ್ದರಿಂದ ಅದು ಸಾಧ್ಯವಾಯಿತು. ಚಿತ್ತಾರ ಬೇರೆಯಾಗಿದ್ದರೆ ಅಲ್ಲಿ ಕೊಳೆಯುತ್ತಿದ್ದದ್ದು ಇಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ. ಎರಡು ಟೆಂಡರ್, ಎರಡು ಗೋದಾಮು, ಎರಡು ಕಡೆಯೂ ಉಳಿಕೆ.

ಈ ದಾರಿಯಲ್ಲಿ ನಡೆದು ಕೆಟ್ಟವರು ಅಮೆರಿಕದವರು. 2002ರ ಮೊದಲು ಅವರ ನಾಲ್ಕೂ ಪಡೆಗಳಿಗೆ ಎರಡೇ ಚಿತ್ತಾರ ಸಾಕಾಗಿತ್ತು, ಒಂದು ಕಾಡಿಗೆ, ಒಂದು ಮರಳುಗಾಡಿಗೆ. ಆಮೇಲೆ ಪಡೆಗೊಂದರಂತೆ ಶುರುವಾಗಿ, ಹತ್ತು ವರ್ಷದಲ್ಲಿ ಏಳು ಹೊಸ ಸಮವಸ್ತ್ರಗಳು ಬಂದವೆಂದು ಅಲ್ಲಿನ ಲೆಕ್ಕತನಿಖಾ ಸಂಸ್ಥೆ ಜಿಎಒ 2012ರಲ್ಲಿ ಬರೆಯಿತು. ಎಲ್ಲ ನೆಲಕ್ಕೂ ಆಗುತ್ತದೆಂದು ಭೂಸೇನೆ ತಂದ ಬೂದು ಚಿತ್ತಾರ ಅಫ್ಗಾನಿಸ್ತಾನದ ಬೆಟ್ಟಗಳಲ್ಲಿ ಯೋಧರನ್ನು ಮರೆಮಾಡಲಿಲ್ಲ. ಅದನ್ನು ಬದಲಿಸಲು ಐದು ವರ್ಷದಲ್ಲಿ 400 ಕೋಟಿ ಡಾಲರ್‌ವರೆಗೂ ಬೇಕಾದೀತೆಂದು ಅದೇ ವರದಿ ಹೇಳಿತ್ತು. ಕಡೆಗೆ 2018ರಲ್ಲಿ ಅವರ ವಾಯುಪಡೆ ತನ್ನದನ್ನು ಬಿಟ್ಟು ಭೂಸೇನೆಯದನ್ನೇ ಒಪ್ಪಿಕೊಂಡಿತು. ಮೊದಲೇ ಒಪ್ಪಿದ್ದರೆ ವಾಯುಪಡೆಯ ಪ್ರತ್ಯೇಕ ಚಿತ್ತಾರಕ್ಕೆ ಹೋದ ದುಡ್ಡು ಉಳಿಯುತ್ತಿತ್ತು.

ನಮ್ಮಲ್ಲಿ ಇದನ್ನು ತಡೆಯಲೆಂದೇ ಒಂದು ಹುದ್ದೆಯಿದೆ. ಮೂರೂ ಪಡೆಗಳು ಒಟ್ಟಾಗಿ ಯೋಚಿಸಲಿ, ಒಟ್ಟಾಗಿ ಖರೀದಿಸಲಿ ಎಂದು 2020ರ ಜನವರಿಯಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಬಂತು. ಆ ಹುದ್ದೆಯಲ್ಲಿದ್ದ ಜನರಲ್ ಬಿಪಿನ್ ರಾವತ್ 2021ರ ಡಿಸೆಂಬರ್ 8ರಂದು ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ ಮುಂದಿನ ಸೆಪ್ಟೆಂಬರ್ 30ರವರೆಗೆ ಆ ಕುರ್ಚಿ ಖಾಲಿಯಿತ್ತು. ಭೂಸೇನೆಯ ಸಮವಸ್ತ್ರ ಹೊರಬಂದದ್ದು ಆ ಖಾಲಿ ದಿನಗಳಲ್ಲಿ, ವಾಯುಪಡೆಯದು ಹೊಸಬರು ಬಂದ ಎಂಟೇ ದಿನಕ್ಕೆ. ಇಬ್ಬರನ್ನೂ ಕೂರಿಸಿ ಕೇಳುವವರು ಇರಲಿಲ್ಲ.

ಸಿಯಾಚಿನ್‌ನಂಥ ಎತ್ತರದಲ್ಲಿರುವವರ ಉಡುಪಿನ ಬಗ್ಗೆ 2020ರ ಫೆಬ್ರವರಿಯಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿಯನ್ನು ನಾನು ಮರೆತಿಲ್ಲ. 2015ರ ನವೆಂಬರ್‌ನಿಂದ ಸುಮಾರು ಹತ್ತು ತಿಂಗಳು ಹೊಸ ಬೂಟಿಲ್ಲದೆ, ಇದ್ದವನ್ನೇ ರಿಪೇರಿ ಮಾಡಿ ಹಾಕಿಕೊಂಡ ವಿಷಯ ಅದರಲ್ಲಿತ್ತು. ಹಿಮದ ಕನ್ನಡಕದ ಕೊರತೆ ಶೇ 62ರಿಂದ 98ರಷ್ಟಿತ್ತು. ಅದು ಹಳೆಯ ಮಾತು, ಈಗ ಸರಿಹೋಗಿದೆ ಎಂದು ಸೇನೆ ಹೇಳಿತು. ನಂಬುತ್ತೇನೆ. ಆದರೆ ಒಂದೇ ಬಟ್ಟೆಯನ್ನು ಎರಡು ಬಣ್ಣದಲ್ಲಿ ಕೊಂಡು ಕಳೆಯುವ ಪ್ರತಿ ರೂಪಾಯಿಯೂ ಆ ಬೂಟಿನ ರೂಪಾಯಿ.

ಈಗ ಹೊಲಿದದ್ದನ್ನು ಎಸೆಯಿರಿ ಎನ್ನುತ್ತಿಲ್ಲ. ಸವೆಯುವವರೆಗೂ ವಾಯುಪಡೆಯವರು ಅದನ್ನೇ ಹಾಕಲಿ. ಮುಂದಿನ ಟೆಂಡರ್ ಕರೆಯುವ ಮೊದಲು ನೆಲದ ಮೇಲೆ ಕೆಲಸ ಮಾಡುವ ಎಲ್ಲರಿಗೂ ಒಂದೇ ಚಿತ್ತಾರ ಎಂದು ರಕ್ಷಣಾ ಸಚಿವಾಲಯ ಲಿಖಿತ ಆದೇಶ ಹೊರಡಿಸಬೇಕು. ಗುರುತಿಗೆ ಎದೆಯ ಪಟ್ಟಿ, ತೋಳಿನ ಬಿಲ್ಲೆ ಸಾಕು. ಭೂಸೇನೆಯ ವಿನ್ಯಾಸ ಈಗಾಗಲೇ ಅದರ ಹೆಸರಿನಲ್ಲೇ ನೋಂದಣಿಯಾಗಿದೆ. ಅದನ್ನು ಬಳಸಲು ವಾಯುಪಡೆ ಹೊರಗಿನ ಯಾವ ಕಂಪನಿಗೂ ಒಂದು ಪೈಸೆ ಕೊಡಬೇಕಾಗಿಲ್ಲ.

ಇಂತಿ,
ಒಬ್ಬ ನಿವೃತ್ತ ಹವಾಲ್ದಾರ್, ಬೆಳಗಾವಿ