ಇಪ್ಪತ್ತು ನಿಮಿಷ ಮೊದಲು ಬನ್ನಿ

ಆಗಸ್ಟ್ ಮುಗಿಯುತ್ತಿದ್ದ ಹಾಗೆ ನನ್ನ ಫೋನಿನಲ್ಲಿ ಒಂದು ಗ್ರೂಪ್‌ಗೆ ಜೀವ ಬರುತ್ತದೆ. ಮೂರು ತಿಂಗಳಿಂದ ಬರೀ ಹುಟ್ಟುಹಬ್ಬದ ಕೇಕು, ಗುಡ್ ಮಾರ್ನಿಂಗ್ ಹೂವು ಬೀಳುತ್ತಿದ್ದ ಜಾಗದಲ್ಲಿ ಇದ್ದಕ್ಕಿದ್ದಂತೆ ಒಂದು ಪೋಲ್: ‘ಶನಿವಾರ ಬೆಳಿಗ್ಗೆ 6ಕ್ಕೆ ಪ್ರಾಕ್ಟೀಸ್. ಯಾರ್ಯಾರು?’ ಹದಿನೆಂಟು ಜನ ‘ಯೆಸ್’ ಒತ್ತುತ್ತಾರೆ. ಬರುವವರು ಒಂಬತ್ತು. ಉಳಿದವರಲ್ಲಿ ಇಬ್ಬರಿಗೆ ರಾತ್ರಿ ಕಾಲ್ ಲೇಟಾಯಿತು, ಒಬ್ಬನ ಮಗುವಿಗೆ ಜ್ವರ, ಒಬ್ಬ ಅಲಾರಂ ಸೈಲೆಂಟ್‌ನಲ್ಲಿಟ್ಟಿದ್ದ. ನಮ್ಮ ಗೋಲಿ ಮಾತ್ರ ‘ಆನ್ ದ ವೇ’ ಅಂತ ಹಾಸಿಗೆಯಿಂದಲೇ ಮೆಸೇಜ್ ಹಾಕುತ್ತಾನೆ.

ನಿಮ್ಮಲ್ಲಿ ಯಾರಾದರೂ ಭಾನುವಾರದ ಫುಟ್‌ಬಾಲ್ ಆಡುವವರಿದ್ದರೆ ಇದನ್ನೆಲ್ಲ ಹೇಳಬೇಕಾಗಿಲ್ಲ. ನಾವು ಬೆಂಗಳೂರಿನ ಒಂದು ಸಣ್ಣ ಭಾನುವಾರದ ಲೀಗ್‌ನಲ್ಲಿ ಆಡುವ ಟೀಮ್. ಬ್ಯಾಂಕಿನವರು, ಸಾಫ್ಟ್‌ವೇರ್‌ನವರು, ಒಬ್ಬ ಪಿಯು ಲೆಕ್ಚರರ್, ಒಬ್ಬ ಮೆಡಿಕಲ್ ಶಾಪ್ ಇಟ್ಟಿರುವವನು. ಸರಾಸರಿ ವಯಸ್ಸು ಮೂವತ್ತೆರಡು. ಸರಾಸರಿ ಹೊಟ್ಟೆಯ ಲೆಕ್ಕ ಯಾರೂ ಹಾಕಿಲ್ಲ. ನಾನು ಡಿಫೆಂಡರ್, ಮೂರು ವರ್ಷದಿಂದ ಕ್ಯಾಪ್ಟನ್. ಕ್ಯಾಪ್ಟನ್ ಅಂದರೆ ಟರ್ಫ್ ಬುಕ್ ಮಾಡುವವನು, ದುಡ್ಡು ಕೇಳಿ ಕೇಳಿ ಬೈಸಿಕೊಳ್ಳುವವನು, ಕೊನೆಗೆ ಬಾಲ್‌ಗಳನ್ನು ಸ್ಕೂಟರ್ ಮೇಲೆ ಮನೆಗೆ ಹೊತ್ತುಕೊಂಡು ಹೋಗುವವನು.

ಪ್ರತಿ ವರ್ಷ ಸೀಸನ್ ಶುರುವಾಗುವ ಮುಂಚೆ ನಮ್ಮ ತಯಾರಿ ಅಂದರೆ ಜೆರ್ಸಿಯ ಬಣ್ಣದ ಮೇಲೆ ಎರಡು ವಾರ ಜಗಳ. ಈ ವರ್ಷ ಜಗಳ ಬೇರೆ. ಕಾರಣ, ಕಳೆದ ನವೆಂಬರ್.

ಕಳೆದ ಸೀಸನ್‌ನ ಮೂರನೇ ಮ್ಯಾಚು. ಕಿಕಾಫ್ ಬೆಳಿಗ್ಗೆ 7ಕ್ಕೆ. ನಾವು ಹನ್ನೊಂದು ಜನ ಒಟ್ಟಾಗಿದ್ದೇ 6.55ಕ್ಕೆ. ಚಳಿ ಬೇರೆ. ರೆಫರಿ ಗಡಿಯಾರ ನೋಡುತ್ತಿದ್ದರು. ಒಂದಿಬ್ಬರು ‘ಎರಡು ರೌಂಡ್ ಓಡೋಣ್ವಾ?’ ಅಂದರು. ನಾನೇ ಹೇಳಿದೆ: ‘ವಾರ್ಮಪ್ ಎಲ್ಲ ಬೇಡ, ಆಡ್ತಾ ಆಡ್ತಾ ಬಿಸಿಯಾಗ್ತೀವಿ, ಬನ್ರೋ.’

ಆರನೇ ನಿಮಿಷಕ್ಕೆ ನಮ್ಮ ಲೆಫ್ಟ್ ವಿಂಗರ್ ಬಿದ್ದ. ಮದುವೆ ಫೋಟೋಗ್ರಾಫರ್ ಅವನು. ಗ್ರೌಂಡಿನಲ್ಲಿ ಎಲ್ಲರೂ ‘ಫೋಟೋ’ ಅಂತಲೇ ಕರೆಯುವುದು. ಯಾರೂ ಅವನನ್ನು ಮುಟ್ಟಿರಲಿಲ್ಲ. ಓಡುತ್ತಿದ್ದವನು ಒಳಗೆ ಕಟ್ ಮಾಡಲು ಹೋದ. ಬೂಟು ನೆಲಕ್ಕೆ ಕಚ್ಚಿಕೊಂಡಿತು, ಮೈ ತಿರುಗಿತು, ಮಂಡಿ ತಿರುಗಲಿಲ್ಲ. ‘ಟಪ್’ ಅಂತ ಶಬ್ದ ಕೇಳಿಸಿತು ಅಂತ ಆಮೇಲೆ ಹೇಳಿದ. ನಾವು ಸ್ಪ್ರೇ ಹೊಡೆದೆವು, ನೀರು ಕೊಟ್ಟೆವು, ಬೆಂಚಿನ ಮೇಲೆ ಕೂರಿಸಿ ಆಟ ಮುಂದುವರಿಸಿದೆವು. ಮ್ಯಾಚ್ ಗೆದ್ದೆವು ಕೂಡ. ಅದನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಆಗುತ್ತದೆ.

ಎಂಆರ್‌ಐ ರಿಪೋರ್ಟ್‌ನಲ್ಲಿ ಇದ್ದದ್ದು ಎಸಿಎಲ್ ಹರಿದಿದೆ ಅಂತ. ತೊಡೆಯ ಮೂಳೆಯನ್ನೂ ಕೆಳಗಿನ ಕಾಲಿನ ಮೂಳೆಯನ್ನೂ ಮಂಡಿಯೊಳಗೆ ಹಿಡಿದಿಡುವ ಗಟ್ಟಿ ಪಟ್ಟಿ ಅದು. ಪೂರ್ತಿ ಹರಿದರೆ ಓಡಿ ತಿರುಗುವ ಆಟಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ. ಅವನದೇ ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಎಸಿಎಲ್ ಮಾಡಿದರು. ಮತ್ತೆ ಆಟಕ್ಕೆ ಇಳಿಯಲು ಕಡಿಮೆ ಅಂದರೂ ಒಂಬತ್ತು ತಿಂಗಳು ಅಂದರು ಡಾಕ್ಟರು.

ಆಟ ಹಾಳಾಗಲಿ. ನಿಮಗೆ ಗೊತ್ತಲ್ಲ, ಡಿಸೆಂಬರ್‌ನಿಂದ ಮೇ ತನಕ ಫೋಟೋಗ್ರಾಫರ್‌ಗಳ ದುಡಿಮೆಯ ಕಾಲ. ಮಾಘದಲ್ಲಿ, ವೈಶಾಖದಲ್ಲಿ ಮುಹೂರ್ತಗಳ ಮೇಲೆ ಮುಹೂರ್ತ. ಬೆಳಗಿನ ನಾಲ್ಕು ಗಂಟೆಗೆ ಕಲ್ಯಾಣ ಮಂಟಪದಲ್ಲಿ ನಿಂತರೆ ರಾತ್ರಿ ಆರತಕ್ಷತೆ ಮುಗಿಯುವ ತನಕ ಕೂರುವ ಹಾಗಿಲ್ಲ. ಅವನು ಒಪ್ಪಿಕೊಂಡಿದ್ದ ಮದುವೆಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟ. ಅಡ್ವಾನ್ಸ್ ವಾಪಸ್ ಮಾಡಿದ. ಹೆಲ್ತ್ ಇನ್ಶೂರೆನ್ಸ್ ರಿನ್ಯೂ ಮಾಡಿಸಿರಲಿಲ್ಲ. ಸ್ವಂತ ಕೆಲಸದವರಿಗೆ ಎಚ್‌ಆರ್ ನೆನಪಿಸುವುದಿಲ್ಲವಲ್ಲ. ನಾವೆಲ್ಲ ಸೇರಿ ಒಂದಿಷ್ಟು ದುಡ್ಡು ಹಾಕಿದೆವು. ಅದು ಆಸ್ಪತ್ರೆ ಬಿಲ್ಲಿನ ಅರ್ಧಕ್ಕೂ ಮುಟ್ಟಲಿಲ್ಲ. ಒಂದು ಲೆನ್ಸ್ ಮಾರಿದ ಅಂತ ಆಮೇಲೆ ಬೇರೆಯವರಿಂದ ಗೊತ್ತಾಯಿತು.

ಹಾಗಾಗಿ ಈ ಸಲ ಮೊದಲ ಮೀಟಿಂಗ್‌ನಲ್ಲೇ ನಾನು ಹೇಳಿದೆ: ಜೆರ್ಸಿ ಹಳೆಯದೇ ಇರಲಿ. ಆ ದುಡ್ಡಲ್ಲಿ ಎಲ್ಲರಿಗೂ ಆಕ್ಸಿಡೆಂಟ್ ಪಾಲಿಸಿ ಮಾಡಿಸೋಣ. ಹುಡುಕಿದಾಗ ತಿಳಿಯಿತು, ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಗಳಲ್ಲಿ ಕೆಲವು, ಗಾಯವಾಗಿ ಸ್ವಲ್ಪ ಕಾಲ ದುಡಿಯಲು ಆಗದಿದ್ದರೆ ವಾರಕ್ಕೆ ಇಷ್ಟು ಅಂತ ಕೊಡುತ್ತವೆ. ಸಂಬಳ ಇರುವವರಿಗಿಂತ ಸ್ವಂತ ಕೆಲಸದವರಿಗೆ ಅದು ಹೆಚ್ಚು ಬೇಕು. ಹವ್ಯಾಸಕ್ಕೆ ಆಡುವ ಆಟ ಕವರ್ ಆಗುತ್ತದೋ ಇಲ್ಲವೋ ಅಂತ ಸಣ್ಣ ಅಕ್ಷರ ಓದಿಯೇ ಸಹಿ ಹಾಕಿ. ನಾವು ಲೆಕ್ಚರರ್ ಕೈಲಿ ಓದಿಸಿದೆವು, ಪೇಪರ್ ತಿದ್ದಿ ಅಭ್ಯಾಸ ಇರುವವನು ಅಂತ.

ಎರಡನೆಯದು ವಾರ್ಮಪ್. ಇಲ್ಲಿ ಜಗಳ ಶುರುವಾಯಿತು.

ಫಿಫಾದವರೇ ರೂಪಿಸಿರುವ ‘11+’ ಅನ್ನುವ ವಾರ್ಮಪ್ ಇದೆ. ಪುಕ್ಕಟೆ, ಯಾವ ಮೆಷೀನೂ ಬೇಡ, ಒಂದು ಬಾಲ್ ಮತ್ತು ಆರು ಜೊತೆ ಕೋನ್ ಇದ್ದರೆ ಸಾಕು. ಒಟ್ಟು 15 ವ್ಯಾಯಾಮ, ಮೂರು ಭಾಗ. ಮೊದಲ 8 ನಿಮಿಷ ನಿಧಾನ ಓಟ: ನೇರಕ್ಕೆ, ಸೊಂಟ ಹೊರಕ್ಕೆ ತಿರುಗಿಸಿ, ಒಳಕ್ಕೆ ತಿರುಗಿಸಿ, ಜೊತೆಗಾರನನ್ನು ಸುತ್ತಿ. ಮಧ್ಯದ 10 ನಿಮಿಷ ಶಕ್ತಿ ಮತ್ತು ಬ್ಯಾಲೆನ್ಸ್: ಪ್ಲ್ಯಾಂಕ್, ಸ್ಕ್ವಾಟ್, ಒಂಟಿ ಕಾಲಲ್ಲಿ ನಿಲ್ಲುವುದು, ಜಿಗಿಯುವುದು. ಮತ್ತೆ ಮಂಡಿಯೂರಿ ನಿಂತು, ಹಿಂದಿನಿಂದ ಒಬ್ಬ ಕಾಲು ಹಿಡಿದಿರುವಾಗ ಮೈಯನ್ನು ಹಲಗೆಯಂತೆ ನಿಧಾನಕ್ಕೆ ಮುಂದಕ್ಕೆ ಬಿಡುವುದು. ಕೊನೆಯ 2 ನಿಮಿಷ ಜೋರು ಓಟ, ಕಾಲೂರಿ ದಿಕ್ಕು ಬದಲಿಸುವುದು. ಫೋಟೋ ಬಿದ್ದದ್ದು ಅದೇ ಕೊನೆಯ ಚಲನೆಯಲ್ಲಿ.

ನಾರ್ವೆಯಲ್ಲಿ ಫುಟ್‌ಬಾಲ್ ಆಡುವ ಹದಿಹರೆಯದ ಹುಡುಗಿಯರ ನೂರಕ್ಕೂ ಹೆಚ್ಚು ಕ್ಲಬ್‌ಗಳಲ್ಲಿ ಇದನ್ನು ಪರೀಕ್ಷೆ ಮಾಡಿ 2008ರಲ್ಲಿ ವರದಿ ಪ್ರಕಟಿಸಿದ್ದಾರೆ. ಇದನ್ನು ಮಾಡಿದವರಲ್ಲಿ ಒಟ್ಟಾರೆ ಗಾಯಗಳು ಸುಮಾರು ಮೂರನೇ ಒಂದರಷ್ಟು, ಗಂಭೀರ ಗಾಯಗಳು ಹತ್ತಿರ ಹತ್ತಿರ ಅರ್ಧದಷ್ಟು ಕಡಿಮೆ ಇದ್ದವು. ಆದರೆ ಒಂದು ದಿನ ಮಾಡಿದರೆ ಪ್ರಯೋಜನ ಇಲ್ಲ. ವಾರಕ್ಕೆ ಎರಡು ಸಲವಾದರೂ, ಬಿಡದೆ ಮಾಡಬೇಕು.

‘ಮಗಾ, ಟರ್ಫ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕಟ್ತೀವಿ. ಅದರಲ್ಲಿ ಇಪ್ಪತ್ತು ನಿಮಿಷ ಯೋಗ ಮಾಡೋಕಾ?’ ಅಂತ ಗೋಲಿ ಶುರು ಮಾಡಿದ. ‘ಹಳೇ ಕಾಲದವರು ಬರಿಗಾಲಲ್ಲೇ ಆಡ್ತಿದ್ರು, ಯಾವ ವಾರ್ಮಪ್ ಮಾಡ್ತಿದ್ರು?’ ಅಂತ ಇನ್ನೊಬ್ಬ.

ಅವತ್ತು ನಮ್ಮ ಅಂಕಲ್ ಬಂದಿದ್ದರು. ಆಸ್ಟಿನ್ ಟೌನ್‌ನವರು, ಎಪ್ಪತ್ತು ದಾಟಿದೆ. ಎಚ್‌ಎಎಲ್, ಐಟಿಐ ಥರದ ಕಾರ್ಖಾನೆಗಳ ಟೀಮ್‌ಗಳು ಈ ಊರಿನ ಫುಟ್‌ಬಾಲನ್ನು ಆಳುತ್ತಿದ್ದ ಕಾಲದಲ್ಲಿ ಆಡಿದವರು. ಅವರ ಹತ್ತಿರ ಕೂತರೆ ಬೆಂಗಳೂರೇ ಬೇರೆ ಊರಾಗಿ ಕಾಣುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 2–1ರಿಂದ ಸೋತಾಗ ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರು ಅಂತ ನನಗೆ ಹೇಳಿದ್ದೇ ಅವರು. ಹಲಸೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ ಅಂತ ತೋರಿಸಿದ್ದೂ ಅವರೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಾಗ ಬೀದಿಗೆಲ್ಲ ಸಿಹಿ ಹಂಚಿದವರು.

‘ಬರಿಗಾಲು’ ಮಾತು ಕೇಳಿ ಅಂಕಲ್ ನಕ್ಕರು. ‘ಅವರು ಗ್ರೌಂಡಿಗೆ ನಡ್ಕೊಂಡ್ ಬರ್ತಿದ್ರು ಕಣ್ರಪ್ಪಾ. ಸೈಕಲ್ ತುಳ್ಕೊಂಡ್ ಬರ್ತಿದ್ರು. ನೀವು ವಾರ ಪೂರ್ತಿ ಕುರ್ಚೀಲಿ ಕೂತಿರ್ತೀರ, ಕಾರಲ್ಲಿ ಬರ್ತೀರ, ಡೋರ್ ತೆಗೆದು ಓಡಕ್ಕೆ ಶುರು ಮಾಡ್ತೀರ. ನಿಮ್ ಮಂಡೀನೂ ನಿಮ್ ಜೊತೆ ಕುರ್ಚೀಲೇ ಕೂತಿತ್ತು ತಾನೆ?’

ಗೋಲಿ ಸುಮ್ಮನಾದ. ಅಂಕಲ್ ಅವನನ್ನು ಅಷ್ಟಕ್ಕೇ ಬಿಡಲಿಲ್ಲ. 2025–26ರಿಂದ ಹೊಸ ನಿಯಮ ಬಂದಿದೆ: ಗೋಲಿ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಎಣಿಸಿ ತೋರಿಸುತ್ತಾರೆ. ನಮ್ಮವನಿಗೋ, ಚೆಂಡು ಕೈಗೆ ಬಂದರೆ ಅದನ್ನು ತಬ್ಬಿಕೊಂಡು ಮಲಗಿ, ಎದ್ದು, ಎಲ್ಲರಿಗೂ ಬುದ್ಧಿ ಹೇಳಿ ಆಮೇಲೆ ಒದೆಯುವ ಅಭ್ಯಾಸ. ಈಗ ಪ್ರಾಕ್ಟೀಸ್‌ನಲ್ಲಿ ಅವನು ಚೆಂಡು ಹಿಡಿದ ಕೂಡಲೇ ಇಡೀ ಟೀಮ್ ಜೋರಾಗಿ ಎಣಿಸುತ್ತದೆ.

ಇದೆಲ್ಲ ಸರಿಹೋಯಿತು. ಸರಿಹೋಗದೆ ಉಳಿದದ್ದು ರಿಜಿಸ್ಟ್ರೇಷನ್ ಪಟ್ಟಿ.

ಲೀಗ್‌ಗೆ 22 ಹೆಸರು ಕೊಡಬೇಕು. ಕೊನೆಯ ದಿನಕ್ಕೆ ನಾಲ್ಕು ದಿನ ಇರುವಾಗ ಫೋಟೋ ಫೋನ್ ಮಾಡಿದ. ‘ನನ್ ಹೆಸರು ಹಾಕಿದೀಯಲ್ಲ?’

‘ಫಿಸಿಯೋ ಏನಂದ್ರು?’

‘ಹತ್ತು ತಿಂಗಳಾಯ್ತಲ್ಲೋ. ಪೂರ್ತಿ ಮ್ಯಾಚ್ ಬೇಡ. ಕೊನೇ ಹತ್ತು ನಿಮಿಷ ಇಳಿಸು ಸಾಕು.’

ಫಿಸಿಯೋ ಮಾಡಿಸುವ ಒಂದು ಪರೀಕ್ಷೆ ಇದೆ. ಒಂಟಿ ಕಾಲಲ್ಲಿ ಎಷ್ಟು ದೂರ ಜಿಗಿಯುತ್ತೀರಿ ಅಂತ ಎರಡೂ ಕಾಲಿನದನ್ನು ಅಳೆಯುತ್ತಾರೆ. ಆಪರೇಷನ್ ಆದ ಕಾಲು ಚೆನ್ನಾಗಿರುವ ಕಾಲಿನ ಶೇ 90ರಷ್ಟಾದರೂ ಮುಟ್ಟಬೇಕು. ಬಹಳ ಒತ್ತಾಯ ಮಾಡಿದ ಮೇಲೆ ಹೇಳಿದ: 84.

ಆ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು ಅವನ ಹೆಸರು ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಹೆಸರು ಹಾಕುವುದು ಸುಲಭ. ಹಾಕಿದರೆ ನನ್ನ ಎದೆ ಭಾರ ಇಳಿಯುತ್ತದೆ. ಆದರೆ ನಮ್ಮ ಟೀಮ್ ನನಗೆ ಗೊತ್ತು. ಒಂದಲ್ಲ ಒಂದು ಭಾನುವಾರ ಹತ್ತೇ ಜನ ಬಂದಿರುತ್ತಾರೆ. ಇವನು ಬೂಟು ಕಟ್ಟಿಕೊಂಡು ನಿಲ್ಲುತ್ತಾನೆ. ಆಗ ನಾನೂ ‘ಹತ್ತು ನಿಮಿಷ ತಾನೆ’ ಅಂದುಬಿಡುತ್ತೇನೆ. ಕಳೆದ ವರ್ಷ ಹೇಳಿದ ಮಾತಿಗೂ ಅದಕ್ಕೂ ಏನು ವ್ಯತ್ಯಾಸ?

21 ಹೆಸರು ಕಳಿಸಿದೆ. ಅವನಿಗೆ ಫೋನ್ ಮಾಡಿ ಹೇಳಿದೆ: ಒಂದು ಜಾಗ ಖಾಲಿ ಇಟ್ಟಿದೀನಿ. ಜನವರಿಯಲ್ಲಿ ಮತ್ತೆ ಹೆಸರು ಸೇರಿಸಬಹುದು. 90 ಮುಟ್ಟು, ಅವತ್ತೇ ಹಾಕ್ತೀನಿ.

ಅವನು ಒಂದೇ ಮಾತು ಹೇಳಿದ. ‘ಬೀಳಿಸಿದೋನೂ ನೀನೇ, ಈಗ ತೆಗೆದುಹಾಕೋನೂ ನೀನೇ.’ ಫೋನ್ ಇಟ್ಟ. ಐದು ನಿಮಿಷಕ್ಕೆ ಗ್ರೂಪಿನಲ್ಲಿ ಸಣ್ಣ ಬೂದು ಅಕ್ಷರದಲ್ಲಿ ಅವನು ಗ್ರೂಪ್ ಬಿಟ್ಟ ಸೂಚನೆ ಬಂತು. ಏಳು ವರ್ಷದಿಂದ ಇದ್ದವನು.

ಶನಿವಾರ ಗ್ರೌಂಡಿಗೆ ಹೋಗುವುದಕ್ಕೇ ಮನಸ್ಸಿರಲಿಲ್ಲ. 5.45ಕ್ಕೆ ಹೋದರೆ ಗೇಟಿನ ಹತ್ತಿರ ಅವನ ಬೈಕು ನಿಂತಿತ್ತು. ಒಳಗೆ ಕೋನ್‌ಗಳು ಆರು ಜೊತೆ, ಅಳತೆ ಹಿಡಿದ ಹಾಗೆ ಸಾಲಾಗಿದ್ದವು. ಫೋಟೋ ನನ್ನ ಮುಖ ನೋಡದೆ ಹೇಳಿದ: ‘ಹೋದ ವಾರದ ವಿಡಿಯೋ ನೋಡಿದೆ. ಸ್ಕ್ವಾಟ್ ಮಾಡುವಾಗ ನಿಮ್ಮೆಲ್ಲರ ಮಂಡಿ ಒಳಕ್ಕೆ ಬೀಳ್ತಿದೆ. ಹಂಗ್ ಮಾಡೋದಾದ್ರೆ ಮಾಡ್ಲೇಬೇಡಿ.’ ಹತ್ತು ತಿಂಗಳು ಫಿಸಿಯೋ ಹತ್ತಿರ ಬೈಸಿಕೊಂಡವನಲ್ಲವೆ, ಪಾಠ ಬಾಯಿಗೆ ಬಂದಿತ್ತು. ಮಂಡಿ ಕಾಲ್ಬೆರಳಿನ ನೇರಕ್ಕೆ ಬರಬೇಕು, ಜಿಗಿದು ಇಳಿಯುವಾಗ ಶಬ್ದ ಬರಬಾರದು, ಮಂಡಿ ಮಡಚಿ ಮೆತ್ತಗೆ ಇಳಿಯಬೇಕು. ಗೋಲಿಯ ಕಾಲನ್ನು ತಾನೇ ಹಿಡಿದು ಸರಿ ಮಾಡಿದ.

ಎಲ್ಲ ಮುಗಿದು ಗೇಟಿನ ಹೊರಗೆ ಟೀ ಕುಡಿಯುವಾಗ ನಾನು ಹೇಳಬೇಕಾಗಿದ್ದನ್ನು ಹೇಳಿದೆ. ‘ಅವತ್ತು ನಾನು ವಾರ್ಮಪ್ ಬೇಡ ಅನ್ನಬಾರದಿತ್ತು ಕಣೋ.’ ಹತ್ತು ತಿಂಗಳಲ್ಲಿ ಆಸ್ಪತ್ರೆಗೆ ಹೋಗಿದ್ದೇನೆ, ಮನೆಗೆ ಹೋಗಿದ್ದೇನೆ, ಹಣ್ಣು ಕೊಟ್ಟಿದ್ದೇನೆ. ಈ ಒಂದು ವಾಕ್ಯ ಹೇಳಿರಲಿಲ್ಲ.

ಅವನು ಟೀ ಲೋಟ ತಿರುಗಿಸುತ್ತಾ ನಿಂತಿದ್ದ. ‘ವಾರ್ಮಪ್ ಮಾಡಿದ್ರೂ ಬೀಳ್ತಿದ್ನೋ ಏನೋ. ಯಾರಿಗ್ ಗೊತ್ತು? ನಾನೂ 6.55ಕ್ಕೇ ಬಂದಿದ್ದೆ ತಾನೆ?’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಆದ್ರೆ ಬೆಂಚಲ್ಲಿ ಕೂರಿಸಿ ಆಟ ಮುಂದುವರಿಸಿದ್ರಲ್ಲ, ಅದಕ್ಕೆ ಬೇಜಾರಾಯ್ತು’ ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ವರ್ಷದ ಟೀಮ್ ನಿಯಮಗಳಲ್ಲಿ ಒಂದು ಸಾಲು ಸೇರಿಸಿದ್ದೇವೆ: ಯಾರಿಗಾದರೂ ಪೆಟ್ಟಾದರೆ ಒಬ್ಬ ಆಟ ಬಿಟ್ಟು ಅವನ ಜೊತೆ ಹೋಗಬೇಕು, ಹತ್ತೇ ಜನ ಉಳಿದರೂ ಸರಿ. ಯಾರು ಹೋಗಬೇಕು ಅನ್ನುವ ಸರದಿ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಬರುವ ಭಾನುವಾರ ಮೊದಲ ಮ್ಯಾಚು. ಕಿಕಾಫ್ 7ಕ್ಕೆ. ಗ್ರೂಪಿನಲ್ಲಿ ‘ಎಲ್ಲರೂ 6.30ಕ್ಕೆ’ ಅಂತ ಹಾಕಿದೆ. ಮತ್ತೆ ಗ್ರೂಪ್‌ಗೆ ಬಂದಿರುವ ಫೋಟೋ ಅದರ ಕೆಳಗೇ ತಿದ್ದಿದ: ‘6.10. ಗೋಲಿಗೆ 5.30 ಅಂತ ಹೇಳಿ.’