ಲೇಸರ್ ಬಂತು, ಡಾಕ್ಟರ್ ಎಲ್ಲಿ?

ಸಂಕ್ರಾಂತಿ ಕಳೆದರೆ ಛತ್ರಗಳು ತುಂಬುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಯ ಪೇಟೆಗಳಲ್ಲಿ ಮದುಮಗಳ ಮೇಕಪ್ಪಿನ ಮಾತಿನ ಜೊತೆಗೆ ಈಗ ಲೇಸರ್, ಪೀಲಿಂಗ್ ಮಾತೂ ಸೇರಿಕೊಂಡಿದೆ. ಅನಾಹುತ ಆದಮೇಲೆ ಬೊಬ್ಬೆ ಹೊಡೆಯುವುದು ಎಲ್ಲರಿಗೂ ಬರುತ್ತದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇವೆ.

ಈ ಚಿಕಿತ್ಸೆಗಳೆಲ್ಲ ಮೋಸ ಎನ್ನಲಾಗದು. ಮೊಡವೆ ಬಿಟ್ಟುಹೋದ ಗುಳಿಗೆ, ಸುಟ್ಟಗಾಯದ ಗಡಸು ಕಲೆಗೆ ಲೇಸರ್‌ನಿಂದ ನಿಜಕ್ಕೂ ಅನುಕೂಲವಿದೆ. ಆದರೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಚರ್ಮದೊಳಗಿನ ನೀರನ್ನೇ ಆವಿಯಾಗಿಸಿ ಪದರವನ್ನು ಸುಡುತ್ತದೆ. ಸೂಜಿಯ ರೋಲರ್ ಚುಚ್ಚುತ್ತದೆ. ಆಸಿಡ್ಡಿನ ಪೀಲಿಂಗ್ ಸುಲಿಯುತ್ತದೆ. ಬೇಕೆಂದೇ ಮಾಡಿದ ಗಾಯ ಮಾಯುವಾಗ ಹೊಸ ಚರ್ಮ ಬರಲಿ ಎಂಬುದೇ ಲೆಕ್ಕ. ನಮ್ಮ ಕಂದು ಚರ್ಮದಲ್ಲಿ ಈ ಲೆಕ್ಕ ಬೇಗ ತಪ್ಪುತ್ತದೆ. ಶಾಖ ತುಸು ಹೆಚ್ಚಾದರೂ ಸಾಕು, ಕಾಸಿನಗಲದ ಕಲೆ ಕೆನ್ನೆಯಗಲ ಕಪ್ಪಾಗಿ ತಿಂಗಳುಗಟ್ಟಲೆ ಕೂರಬಹುದು. ಬಂಗಿಗೆ ಲೇಸರ್ ಹೊಡೆಸಿ ಬಂಗು ಇನ್ನಷ್ಟು ಏರುವುದೂ ಉಂಟು.

ಚಿಕಿತ್ಸೆಯಾದ ಮುಖಕ್ಕೆ ವಾರಗಟ್ಟಲೆ ಬಿಸಿಲು ತಾಗಬಾರದು. ಕಬ್ಬಿನ ಗದ್ದೆಗೆ ಬುತ್ತಿ ಹೊತ್ತು ಹೋಗುವ ಹೆಣ್ಣುಮಗಳಿಗೆ ಇದನ್ನು ಹೇಳುವವರು ಯಾರು? ‘ಮದ್ವೆಗಿನ್ನೂ ಹದಿನೈದು ದಿನ ಐತಲ್ಲವ್ವ, ಒಂದ್ ಸಿಟ್ಟಿಂಗ್ ಕುಂತ್ಕೊ, ಎಲ್ಲಾ ಹೊಂಟೋಯ್ತದೆ’ ಅನ್ನುವವರಂತೂ ಹೇಳುವುದಿಲ್ಲ. ಗುಳಿಗಳಿಗೆ ತಿಂಗಳಿಗೊಂದರಂತೆ ಹಲವು ಸಿಟ್ಟಿಂಗ್ ಬೇಕು, ಆಮೇಲೂ ಪೂರ್ತಿ ಮಾಸವು. ಮುಖಕ್ಕೆ ಇಷ್ಟು ದಿನ ಏನು ಹಚ್ಚುತ್ತಿದ್ದೆ ಎಂದು ಕೇಳದೆ ಯಂತ್ರ ಹಿಡಿಯುವುದೇ ತಪ್ಪು. ಬಣ್ಣ ತಿಳಿಯಾಗಲೆಂದು ಹಚ್ಚುವ ಸ್ಟೀರಾಯ್ಡ್ ಕ್ರೀಮು ಚರ್ಮವನ್ನು ತೆಳುವಾಗಿಸಿರುತ್ತದೆ. ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಕಟ್ಟು ಮಾಡಿದೆ. ಮೆಡಿಕಲ್ ಸ್ಟೋರುಗಳ ಕೌಂಟರಿಗೆ ಆ ಸುದ್ದಿ ಮುಟ್ಟಿದಂತಿಲ್ಲ.

ಕಾನೂನಿಗೇನೂ ಬರವಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಕಡ್ಡಾಯ. ನೋಂದಣಿ ಮಾಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆದರೂ 2023ರಲ್ಲಿ ಇದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದುದನ್ನು ಬಯಲಿಗೆಳೆಯಲು ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬರಬೇಕಾಯಿತು. ಬೆಲ್ಲದ ಕೊಪ್ಪರಿಗೆ ಪಕ್ಕದ ಯಂತ್ರವೇ ಕಣ್ಣಿಗೆ ಬೀಳಲಿಲ್ಲ ಎಂದಮೇಲೆ, ಪಾರ್ಲರಿನ ಪರದೆ ಹಿಂದಿನ ಲೇಸರ್ ತಾನಾಗಿ ಬಿದ್ದೀತೆ?

ಜಿಲ್ಲಾ ಆರೋಗ್ಯಾಧಿಕಾರಿ ಮೂರೂ ಊರುಗಳಲ್ಲಿ ಈ ತಿಂಗಳೇ ತಪಾಸಣೆ ನಡೆಸಲಿ, ಲೇಸರ್ ಎಲ್ಲೆಲ್ಲಿದೆ, ಹಿಡಿಯುವವರು ಯಾರು ಎಂಬ ಪಟ್ಟಿಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಟಿಸಲಿ. ಕಲೆಯಿರುವವರು ಮೊದಲು ಮಂಡ್ಯದ ಮಿಮ್ಸ್ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತೋರಿಸಿಕೊಳ್ಳಿ. ಬೇರೆಡೆ ಹೋಗುವುದಾದರೆ ಗೋಡೆಯ ಮೇಲೆ ಕೆಪಿಎಂಇ ಪ್ರಮಾಣಪತ್ರ ಹುಡುಕಿ, ವೈದ್ಯರ ಹೆಸರು ಕೇಳಿ, ಬಿಲ್ ಪಡೆಯಿರಿ. ಬಿಲ್ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ಎದ್ದು ಬನ್ನಿ.